ಬಾಗಿಲಿಲ್ಲದ ಶೆಡ್ಡು

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಗದ್ದೆ ಶುರುವಾಗುವ ಕಡೆ, ಎಡಕ್ಕೆ ನನ್ನ ಶೆಡ್ಡಿದೆ. ಮೂರು ಕಡೆ ಗೋಡೆ, ಮೇಲೆ ತಗಡು, ಮುಂದಕ್ಕೆ ಬಯಲು. ಬಾಗಿಲಿಲ್ಲ. ಒಂದು ಕಾಲದಲ್ಲಿ ಇತ್ತು ಎನ್ನುವುದಕ್ಕೆ ಎರಡು ಕಬ್ಬಿಣದ ಕಂಬಗಳೂ ಅವುಗಳಲ್ಲಿ ತುಕ್ಕು ಹಿಡಿದ ಕೀಲುಗಳೂ ಉಳಿದಿವೆ. ಬಂದವರೆಲ್ಲ ಕೇಳುತ್ತಾರೆ, ಇಷ್ಟೊಂದು ಸಾಮಾನು ಹೀಗೆ ತೆರೆದಿಟ್ಟಿದ್ದೀರಲ್ಲ, ಕಳ್ಳರ ಭಯ ಇಲ್ಲವಾ ಎಂದು. ಏನಾದರೂ ಒಂದು ಹೇಳಿ ಸಾಗಹಾಕುತ್ತಿದ್ದೆ. ಸ್ಪ್ಯಾನರು ಕೆಳಗಿಟ್ಟು ನಾಲ್ಕು ವರ್ಷವಾಯಿತು. ಈಗ ಸಾಗಹಾಕುವುದಕ್ಕೂ ಸುಸ್ತು. ಬರೆದುಬಿಡುವುದೇ ಸುಲಭ.

ಬರೆಯಿರಿ ಎಂದು ಹಟ ಹಿಡಿದವರು ಮಂಡ್ಯದ ಲೋಕೇಶ್ ಮೇಷ್ಟ್ರು. ಐಟಿಐ ಹುಡುಗರಿಗೆ ಮೋಟಾರು ಕೆಲಸ ಹೇಳಿಕೊಡುವವರು. ಅವರು ಯಾಕೆ ಹಟ ಹಿಡಿದರು ಎನ್ನುವುದು ಕೊನೆಗೆ ಬರುತ್ತದೆ. ಈಗ ಹಳೇ ಕಾರಿನ ಕೆಲಸಕ್ಕೆ ಮತ್ತೆ ಬೆಲೆ ಬಂದಿದೆಯಂತೆ, ಕಲಿಯಲು ಹುಡುಗರು ಮುಂದೆ ಬರುತ್ತಿದ್ದಾರಂತೆ. ಇರಬಹುದು. ನನ್ನ ಕಾಲದಲ್ಲಿ ಹೊಸದು ಕೊಳ್ಳಲು ಆಗದವನು ಹಳೇ ಕಾರು ಇಟ್ಟುಕೊಳ್ಳುತ್ತಿದ್ದ. ಈಗ ಎರಡು ಹೊಸದು ಇರುವವನು ಮೂರನೆಯದಾಗಿ ಹಳೆಯದನ್ನು ಹುಡುಕಿಕೊಂಡು ಬರುತ್ತಾನೆ. ಭಾನುವಾರ ಒರೆಸುತ್ತಾನೆ, ಮದುವೆಗೆ ಹೂವು ಕಟ್ಟುತ್ತಾನೆ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾನೆ. ತಪ್ಪಲ್ಲ. ಆದರೆ ತಾತನ ಕಾಲದ ಕಾರು ತಾತನ ಕಾಲದ ಹೊಗೆಯನ್ನೇ ಬಿಡುತ್ತದೆ. ಅದು ಅವನಿಗೆ ಗೊತ್ತಿರುವುದಿಲ್ಲ.

ನಾನು ಕೆಲಸ ಕಲಿತದ್ದು ಮಂಡ್ಯದಲ್ಲಿ, ಸಿದ್ದಪ್ಪ ಮೇಸ್ತ್ರಿಯ ಗ್ಯಾರೇಜಿನಲ್ಲಿ. ಕಬ್ಬು ಅರೆಯುವ ತಿಂಗಳುಗಳಲ್ಲಿ ಆ ಬೀದಿಗೆಲ್ಲ ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ. ಉಂಡರೂ ಅದೇ, ಮಲಗಿದರೂ ಅದೇ. ಒಂದು ದಿನ ಮೂಗು ಮುಚ್ಚಿಕೊಂಡು ಏನೋ ಗೊಣಗಿದೆ. ಮೇಸ್ತ್ರಿ ಕಾರಿನ ಕೆಳಗೆ ಮಲಗಿದ್ದಲ್ಲಿಂದಲೇ ಹೇಳಿದರು:

“ಕಾಕಂಬಿ ನಾರ್ತದೆ, ಅದ್ಕೇ ಯಾರ್ನೂ ಕೊಲ್ಲಲ್ಲ. ಕೊಲ್ಲಾದು ನಾರಲ್ಲ ಕಣ್ಲಾ.”

ಅವರಿಗೆ ಕಾರ್ಬನ್ ಮಾನಾಕ್ಸೈಡ್ ಎಂಬ ಹೆಸರು ಗೊತ್ತಿರಲಿಲ್ಲ. ‘ಮೂಕ ಹೊಗೆ’ ಎನ್ನುತ್ತಿದ್ದರು. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ರಕ್ತದಲ್ಲಿ ಉಸಿರಿಗೆ ಇರುವ ಜಾಗದಲ್ಲಿ ಇದು ಹೋಗಿ ಕೂತುಬಿಡುತ್ತದೆ. ಆಮೇಲೆ ಎಷ್ಟು ಉಸಿರೆಳೆದುಕೊಂಡರೂ ಒಳಗೆ ಜಾಗವಿಲ್ಲ. ಹೊಸ ಕಾರುಗಳಲ್ಲಿ ಹೊಗೆ ಸೋಸುವ ಏರ್ಪಾಡಿರುತ್ತದೆ. ಕಾರ್ಬುರೇಟರ್ ಕಾಲದ ಗಾಡಿಯಲ್ಲಿ ಅಂಥದ್ದೇನೂ ಇಲ್ಲ. ಅದರಲ್ಲೂ ಚೋಕ್ ಎಳೆದು ತಣ್ಣಗಿನ ಇಂಜಿನ್ನು ಓಡಿಸುವಾಗ ಪೆಟ್ರೋಲು ಅರ್ಧಂಬರ್ಧ ಉರಿಯುತ್ತದೆ. ಮೂಕ ಹೊಗೆ ಹೆಚ್ಚಾಗುವುದು ಆಗಲೇ.

ಮೇಸ್ತ್ರಿ ಸೂರಿನ ಕೆಳಗೆ ಇಂಜಿನ್ನು ಓಡಿಸಲು ಬಿಡುತ್ತಲೇ ಇರಲಿಲ್ಲ. ಮಳೆ ಹುಯ್ಯುತ್ತಿದ್ದರೂ ಗಾಡಿಯನ್ನು ಬಯಲಿಗೆ ತಳ್ಳಿಸುತ್ತಿದ್ದರು. ನೆನೆದುಕೊಂಡು ತಳ್ಳುವಾಗ ನಾವು ಒಳಗೊಳಗೇ ಬೈದುಕೊಳ್ಳುತ್ತಿದ್ದೆವು. ಬಯಲಿನಲ್ಲಿ ಇಂಜಿನ್ನು ಶುರು ಮಾಡಿ, ಒದ್ದೆ ಗೋಣಿಚೀಲವನ್ನು ದಪ್ಪಗೆ ಮಡಿಸಿ ಸೈಲೆನ್ಸರ್ ಬಾಯಿಗೆ ಒಂದೆರಡು ಕ್ಷಣ ಒತ್ತಿ ಹಿಡಿಯುತ್ತಿದ್ದರು. ಕೊಳವೆ ಗಟ್ಟಿಯಾಗಿದ್ದರೆ ಹೊಗೆ ಚೀಲವನ್ನು ಹಿಂದಕ್ಕೆ ದಬ್ಬುತ್ತದೆ. ಎಲ್ಲಾದರೂ ತೂತಿದ್ದರೆ ಅಲ್ಲಿಂದ ಉಸ್ ಎನ್ನುತ್ತದೆ. ಆಮೇಲೆ ಕಾಲಡಿಯ ಮ್ಯಾಟ್ ಎತ್ತಿಸಿ ತಳದ ತಗಡು ನೋಡಬೇಕು. ನೆಲ ಕಾಣುವಷ್ಟು ತೂತಿದ್ದರೆ ಹೊಗೆಗೆ ಅದೇ ಹೆಬ್ಬಾಗಿಲು. ಈಗಿನವರು ಹೊರಗೆ ಕನ್ನಡಿಯಂಥ ಬಣ್ಣ ಹೊಡೆಸಿ, ಒಳಗೆ ಮೆತ್ತನೆ ಕಾರ್ಪೆಟ್ ಹಾಸುತ್ತಾರೆ. ಕಾರ್ಪೆಟ್ಟಿನ ಕೆಳಗೆ ಏನಿದೆ ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ.

ಕಲಿಯುವವರು ನನ್ನ ಪೆದ್ದತನಗಳನ್ನೂ ಕೇಳಬೇಕು.

ಮಳವಳ್ಳಿಯ ಬಟ್ಟೆ ಅಂಗಡಿಯವರೊಬ್ಬರ ಹಳೇ ಅಂಬಾಸಿಡರ್ ನನ್ನ ಕೈಗೆ ಬರುತ್ತಿತ್ತು. ಅವರ ಅತ್ತೆಗೆ ಆ ಕಾರಿನಲ್ಲಿ ಕೂತರೆ ತಲೆನೋವು, ವಾಂತಿ. ನಿಂಬೆಹಣ್ಣು ಮೂಸಿಸಿದರು, ಹೊಟ್ಟೆ ಖಾಲಿ ಇಟ್ಟರು. ಅಳಿಯ ಮಾತ್ರ, ಮಂಡ್ಯದ ಹೋಟೆಲಿನಲ್ಲಿ ತಿಂದದ್ದು ಜಾಸ್ತಿಯಾಗಿದೆ ಎಂದು ಎಲ್ಲರೆದುರು ಆಡಿಕೊಳ್ಳುತ್ತಿದ್ದರು. ನಾನು ಹಿಂದಿನ ಸ್ಪ್ರಿಂಗು ಬದಲಾಯಿಸಿ, ಕನ್ನಡಿಗೆ ಒಂದು ಸೆಂಟಿನ ಬಾಟಲಿ ತೂಗುಹಾಕಿ ಕಳಿಸಿದೆ. ಎರಡು ವಾರ ಬಿಟ್ಟು ಆಯಮ್ಮನೇ ಗ್ಯಾರೇಜಿಗೆ ಬಂದರು, ಬಸ್ಸಿನಲ್ಲಿ.

“ನೋಡಪ್ಪ, ಮಂಡ್ಯಕ್ಕೆ ಓಗ್ವಾಗ ಚೆನ್ನಾಗೇ ಇರ್ತೀನಿ. ಬರ್ವಾಗ ಇಂಗಾಯ್ತದೆ. ಅದೇ ರಸ್ತೆ, ಅದೇ ಕಾರು, ಅದೇ ಅಳೀಮಯ್ಯ. ಬಸ್ಸಲ್ಲಿ ಬಂದ್ರೆ ಏನೂ ಇಲ್ಲ. ನಿನ್ ಸೆಂಟು ಮಾತ್ರ ಒಸ್ದಾಗಿ ಸೇರ್ಕಂಡು ಇನ್ನೂ ಕೆಟ್ಟೋಯ್ತು.”

ನಾನು ಇದನ್ನು ತಮಾಷೆ ಎಂದು ಮೇಸ್ತ್ರಿಗೆ ಹೇಳಿದೆ. ಅವರು ನಗಲಿಲ್ಲ. ಬರುವಾಗ ಡಿಕ್ಕಿಯಲ್ಲಿ ಏನಿರುತ್ತದೆ ಎಂದು ಕೇಳಿದರು. ಬಟ್ಟೆ ಗಂಟು ಇರುತ್ತಿತ್ತು. ಮುಚ್ಚಳ ಕೂರದಷ್ಟು ತುಂಬಿ, ಅರ್ಧ ತೆರೆದ ಡಿಕ್ಕಿಯನ್ನು ಹಗ್ಗದಲ್ಲಿ ಕಟ್ಟಿ ತರುತ್ತಿದ್ದರು. ಓಡುವ ಕಾರು ಸೈಲೆನ್ಸರಿನ ಹೊಗೆಯನ್ನು ಆ ಸಂದಿನಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಹಿಂದಿನ ಸೀಟಿನಲ್ಲಿ ಕೂತವರು ಮೊದಲು ಕುಡಿಯುತ್ತಾರೆ. ಹೋಗುವಾಗ ಡಿಕ್ಕಿ ಖಾಲಿ, ಮುಚ್ಚಿರುತ್ತಿತ್ತು.

ಇದರಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ್ದು ಆಯಮ್ಮನ ಮಾತು. ಕಾರಿನಲ್ಲಿ ಕೂತಾಗ ಬರುವ ತಲೆನೋವು ಇಳಿದ ಮೇಲೆ ತಾನಾಗಿ ಕಮ್ಮಿಯಾದರೆ, ಅದನ್ನು ಪಿತ್ತ ಎಂದು ತಳ್ಳಿಹಾಕಬೇಡಿ. ಜೊತೆಗಿದ್ದವರಿಗೂ ಬಂದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಎಲ್ಲರನ್ನೂ ಇಳಿಸಿ. ಮಕ್ಕಳು, ಬಸುರಿಯರು, ವಯಸ್ಸಾದವರು ಇದ್ದರಂತೂ ಮುಂದಿನ ಊರಿನವರೆಗೆ ಹೋಗೋಣ ಎನ್ನಬೇಡಿ.

ಆಮೇಲೆ ನಾನು ಮದ್ದೂರಿಗೆ ಬಂದು ಸ್ವಂತ ಶೆಡ್ಡು ಹಾಕಿದೆ. ರಿಪೇರಿಗಿಂತ ವ್ಯಾಪಾರ ನನಗೆ ಬೇಗ ಹಿಡಿಸಿತು. ಮೂಲೆಯಲ್ಲಿ ನಿಂತ ಹಳೇ ಗಾಡಿಗಳನ್ನು ಹಳ್ಳಿ ಹಳ್ಳಿ ತಿರುಗಿ ಹುಡುಕುವುದು, ತಂದು ರೆಡಿ ಮಾಡುವುದು, ಮಾರುವುದು. ನಿಡಘಟ್ಟದಲ್ಲಿ ಒಬ್ಬರ ಹುಲ್ಲಿನ ಮೆದೆಯ ಹಿಂದೆ ಒಂದು ಜೀಪು ಸಿಕ್ಕಿತ್ತು, ಸ್ಟೀರಿಂಗಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ಚೌಕಾಸಿ ನನಗೆ ಯಾರೂ ಕಲಿಸಲಿಲ್ಲ, ದನದ ವ್ಯಾಪಾರ ನೋಡಿ ನೋಡಿ ಬಂತು. ಅಲ್ಲಿಯ ಹಾಗೆಯೇ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಅದುಮಿ ರೇಟು ಹೇಳುತ್ತಿದ್ದೆ. ನೋಡುವವರಿಗೆ ಏನೂ ಕಾಣದು. ಟವೆಲ್ಲಿನ ಕೆಳಗೆ ಒಪ್ಪಿದ ಮಾತಿಗೆ ಇಬ್ಬರೂ ತಪ್ಪುವಂತಿಲ್ಲ.

ನನ್ನ ಜೊತೆ ಇದ್ದವನು ನಿಂಗರಾಜ. ನನ್ನ ಹೆಂಡತಿ ಜಯಮ್ಮನ ತಮ್ಮ. ಆಗಲೇ ಮೂವತ್ತು ದಾಟಿದ್ದ, ಮದುವೆಗೆ ಹೆಣ್ಣು ನೋಡುತ್ತಿದ್ದೆವು. ಅಂಥ ಕಿವಿ ನಾನು ಬೇರೆ ಯಾರಲ್ಲೂ ಕಾಣಲಿಲ್ಲ. ರಸ್ತೆಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿ, ಯಾವ ವಾಲ್ವು ಸಡಿಲ ಎಂದು ಹೇಳುತ್ತಿದ್ದ. ಗಾಡಿಯವನು ನಿಲ್ಲಿಸಿ ಬಿಚ್ಚಿ ನೋಡಿದರೆ ಅದೇ ಇರುತ್ತಿತ್ತು. ಮಾತು ಕಮ್ಮಿ. ನಾನು ಹೇಳಿದ್ದನ್ನು ಹಾಗೇ ಮಾಡುವವನು. ಅವನ ಆ ಗುಣದಿಂದ ನಾನು ಬೇಕಾದಷ್ಟು ಲಾಭ ಮಾಡಿಕೊಂಡೆ.

ಹಳೇ ಕಾರು ಕೊಳ್ಳುವ ಪಳಗಿದ ಗಿರಾಕಿ ಬಂದವನೇ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡುತ್ತಾನೆ. ಬೆಚ್ಚಗಿದ್ದರೆ, ತಾನು ಬರುವ ಮುಂಚೆ ಓಡಿಸಿದ್ದಾರೆ, ಅಂದರೆ ತಣ್ಣಗಿರುವಾಗ ಸ್ಟಾರ್ಟ್ ಆಗಲು ತೊಂದರೆ ಇದೆ ಎಂದು ಲೆಕ್ಕ. ಅಲ್ಲಿಂದ ರೇಟು ಇಳಿಸಲು ಶುರು. ಇದಕ್ಕೆ ನನ್ನ ಹತ್ತಿರ ಮದ್ದಿತ್ತು. ಶೆಡ್ಡಿನ ಬಾಗಿಲು ಹಾಕಿಕೊಂಡು ಇಂಜಿನ್ನನ್ನು ಚೆನ್ನಾಗಿ ಕಾಯಿಸುವುದು. ಗಿರಾಕಿ ಹತ್ತಿರ ಬಂದಾಗ ನಿಲ್ಲಿಸಿ, ಬಕೆಟ್ಟಿನಲ್ಲಿ ನೆನೆಸಿಟ್ಟ ಗೋಣಿಚೀಲವನ್ನು ಬಾನೆಟ್ಟಿನ ಮೇಲೆ ಹಾಸಿ ತೆಗೆದು ಒರೆಸುವುದು. ಒಳಗೆ ಇಂಜಿನ್ನು ಬಿಸಿ, ಮೇಲೆ ತಗಡು ತಣ್ಣಗೆ. ಮೇಸ್ತ್ರಿ ತೂತು ಹುಡುಕಲು ಹಿಡಿಯುತ್ತಿದ್ದ ಅದೇ ಒದ್ದೆ ಚೀಲ. ನಾನು ಅದರಲ್ಲಿ ಹುಳುಕು ಮುಚ್ಚಲು ಕಲಿತೆ.

ಬೆಳಕವಾಡಿಯ ಕಡೆಯ ಬೋರೇಗೌಡರು ಕಾರು ನೋಡಲು ಬರುತ್ತೇನೆಂದು ಹೇಳಿ ಕಳಿಸಿದ್ದರು. ಗದ್ದೆ ತೋಟ ಇದ್ದ ಕುಳ, ಹಳೇ ಕಾರಿನ ಆಸೆ ಇದ್ದವರು. ನನ್ನ ಹತ್ತಿರ ಆಗ ಒಂದು ಕಪ್ಪು ಇಂಗ್ಲಿಷ್ ಕಾರಿತ್ತು. ದುಂಡು ಬೆನ್ನು, ಮುಂದೆ ಬೆಳ್ಳಿಯಂಥ ಜಾಲರಿ, ನೋಡಿದರೆ ಕಣ್ಣು ಕೀಳಲಾಗದು. ಆದರೆ ಚಳಿಗೆ ಅದು ಏಳುತ್ತಿರಲಿಲ್ಲ. ಕೆಮ್ಮಿ ಕೆಮ್ಮಿ ಹತ್ತು ಸಲಕ್ಕೆ ಒಂದು ಸಲ ಹತ್ತುತ್ತಿತ್ತು. ಸೈಲೆನ್ಸರಿನ ಮುಂದಿನ ಕೊಳವೆಯಲ್ಲಿ ತೂತೂ ಇತ್ತು. ನಾನು ಎಣ್ಣೆ ಡಬ್ಬದ ತಗಡು ಸುತ್ತಿ ಕ್ಲಿಪ್ ಬಿಗಿದಿದ್ದೆ. ತಗಡು ಸುತ್ತಿದರೆ ಸದ್ದು ನಿಲ್ಲುತ್ತದೆ, ಸದ್ದು ನಿಂತರೆ ಗಿರಾಕಿ ಸುಮ್ಮನಾಗುತ್ತಾನೆ. ಹೊಗೆ ಸುಮ್ಮನಾಗುವುದಿಲ್ಲ. ಗೌಡರಿಗೆ ಮಾತು ಒಪ್ಪಿಸಿ ಮುಂಗಡ ಹಿಡಿದ ಮೇಲೆ ಕೊಳವೆ ಬದಲಾಯಿಸಿದರಾಯಿತು ಎಂದುಕೊಂಡಿದ್ದೆ.

ಮಾಗಿ ತಿಂಗಳ ಬೆಳಗ್ಗೆ. ನಿಂಗರಾಜ ತಿಂಡಿಗೆ ಹೊರಟವನನ್ನು ತಡೆದೆ. ಗೌಡರು ಬಸ್ಸಿನಿಂದ ಇಳಿದು ರಸ್ತೆಯ ಆಚೆ ಟೀ ಅಂಗಡಿಯ ಹತ್ತಿರ ಬರುವುದು ಕಾಣಿಸಿತು. ಅವರನ್ನು ಅಲ್ಲೇ ಕೂರಿಸಿಕೊಳ್ಳುತ್ತೇನೆ, ನೀನು ಕಾಯಿಸು ಎಂದೆ. ಬಾಗಿಲು ಎಳೆಯುವಾಗ ಹೇಳಿದ ಮಾತು ಇವತ್ತಿಗೂ ನನ್ನ ಬಾಯಲ್ಲೇ ಇದೆ:

“ನಾನು ಬಂದು ತಗಡು ತಟ್ಟೋಗಂಟ ನಿಲ್ಲಿಸ್ಬ್ಯಾಡ. ಮಧ್ಯ ನಿಲ್ಸುದ್ರೆ ಮತ್ತೆ ಏಳಲ್ಲ.”

“ಆಯ್ತು ಬಾವ” ಎಂದ. ಅಷ್ಟೇ.

ಟೀ ಅಂಗಡಿಯಲ್ಲಿ ಗೌಡರಿಗೂ ನನಗೂ ಮಾತು ಹತ್ತಿತು. ಲಾರಿಗಳ ಸದ್ದಿನಲ್ಲಿ ಶೆಡ್ಡಿನ ಸದ್ದು ಕೇಳುತ್ತಿರಲಿಲ್ಲ. ಕಾರನ್ನು ಅವರು ಹಿಂದಿನ ವಾರವೇ ಒಂದು ಸಲ ನೋಡಿ ಹೋಗಿದ್ದರು, ಹಾಗಾಗಿ ರೇಟಿನ ಮಾತು ಅಲ್ಲೇ ಶುರುವಾಯಿತು. ಹೆಗಲ ಮೇಲಿನ ಟವೆಲ್ಲು ತೆಗೆದು ಇಬ್ಬರ ಕೈ ಮೇಲೆ ಹಾಕಿದೆ. ಗೌಡರು ಗಟ್ಟಿ ಕುಳ, ಒಂದು ಹಂತಕ್ಕೆ ಬಂದು ನಿಂತರು. ನನಗೆ ಅಷ್ಟೇ ಸಾಕಿತ್ತು, ನಿಜ ಹೇಳಬೇಕೆಂದರೆ ಅದು ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ. ಎದ್ದುಬಿಡಬಹುದಿತ್ತು. ಇನ್ನೊಂದು ಬೆರಳು ಎಳೆಯೋಣ ಎಂದು ಕೂತೆ. ಇನ್ನೊಂದು ಟೀ ಹೇಳಿದೆ. ಅವರ ಬೆಳೆ ವಿಚಾರಿಸಿದೆ, ಮಳೆ ವಿಚಾರಿಸಿದೆ. ಗಿರಾಕಿಯನ್ನು ಸುಸ್ತು ಮಾಡುವುದು ನನ್ನ ವಿದ್ಯೆ. ಕಾಲು ಗಂಟೆ ಹಾಗೇ ಹೋಯಿತು. ಆ ಬೆರಳೂ ನನ್ನ ಕೈಗೆ ಬಂತು.

ನಗುತ್ತಾ ರಸ್ತೆ ದಾಟಿದೆ. ಗೌಡರು ಹಿಂದೆ ಬರುತ್ತಿದ್ದರು. ತಗಡು ತಟ್ಟಿದೆ. ಇಂಜಿನ್ನು ನಿಲ್ಲಲಿಲ್ಲ. ಮತ್ತೆ ತಟ್ಟಿದೆ. ಅದು ಓಡುತ್ತಲೇ ಇತ್ತು, ಹದವಾಗಿ, ಕೆಮ್ಮದೆ. ಅಷ್ಟು ಚೆನ್ನಾಗಿ ಅದು ಯಾವತ್ತೂ ಓಡಿರಲಿಲ್ಲ.

ಬಾಗಿಲು ಎಳೆದಾಗ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ನಿಂಗರಾಜ ಮಡ್‌ಗಾರ್ಡಿಗೆ ಒರಗಿ ಕೂತಿದ್ದ. ಮುಖ ಬಿಳಿಚಿರಲಿಲ್ಲ, ಕೆಂಪಗೆ ಚೆನ್ನಾಗಿಯೇ ಇತ್ತು, ಅದಕ್ಕೇ ಒಂದು ಗಳಿಗೆ ನಿದ್ದೆ ಮಾಡುತ್ತಿದ್ದಾನೆ ಅಂದುಕೊಂಡೆ. ಬೈದೆ ಕೂಡ. ಗೌಡರು ನನ್ನನ್ನು ಪಕ್ಕಕ್ಕೆ ದಬ್ಬಿ ಒಳಗೆ ನುಗ್ಗಿ ಕೀ ತಿರುಗಿಸಿದರು. ಇಬ್ಬರೂ ಸೇರಿ ಬಯಲಿಗೆ ಎಳೆದು ಹಾಕಿದೆವು. ಉಸಿರಿತ್ತು, ಎಚ್ಚರವಿರಲಿಲ್ಲ. ಕೈಯಲ್ಲಿ ಸ್ಕ್ರೂಡ್ರೈವರು ಹಾಗೇ ಇತ್ತು.

ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಅಲ್ಲಿದ್ದ ಡಾಕ್ಟರಮ್ಮ ಏನಾಯಿತು ಎಂದು ಕೇಳಿದರು. ಗೌಡರು ಬಾಗಿಲ ಹತ್ತಿರ ನಿಂತಿದ್ದರು. ಇಂಜಿನ್ನಿನ ಮಾತೆತ್ತಿದರೆ ಬಾಗಿಲು ಯಾಕೆ ಹಾಕಿತ್ತು ಎನ್ನುವುದೂ ಬರುತ್ತದೆ. ನಾನು ಗೌಡರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಹೇಳಿದೆ:

“ಬೆಳಗ್ಗಿಂದ ಏನೂ ತಿಂದಿರ್ಲಿಲ್ಲ ಮೇಡಂ. ತಲೆ ತಿರುಗಿ ಬಿದ್ದವ್ನೆ.”

ಸುಳ್ಳಲ್ಲ, ಅವನು ತಿಂದಿರಲಿಲ್ಲ. ವ್ಯಾಪಾರದಲ್ಲಿ ನಾನು ಸುಳ್ಳು ಹೇಳಿದವನಲ್ಲ. ನಿಜದಲ್ಲಿ ನನಗೆ ಬೇಕಾದ ತುಂಡು ಮಾತ್ರ ಮುರಿದು ಕೊಡುತ್ತಿದ್ದೆ. ಡಾಕ್ಟರಮ್ಮ ನನ್ನ ಮಾತು ನಂಬಿ ಗ್ಲೂಕೋಸು ಹಾಕಿಸಿದರು. ಗೌಡರು ಜಯಮ್ಮನನ್ನು ಕರೆತರಲು ಹೋದರು. ನಾನು ಬೆಂಚಿನ ಮೇಲೆ ಕೂತು ಆ ಬಾಟಲಿಯಿಂದ ಹನಿ ಬೀಳುವುದನ್ನು ನೋಡುತ್ತಿದ್ದೆ. ಎದ್ದು ಹೋಗಿ ಒಂದು ಮಾತು ಹೇಳಬೇಕು ಎಂದು ಎಷ್ಟು ಸಲ ಅನಿಸಿತೋ. ಏಳಲಿಲ್ಲ. ಇನ್ನೇನು ಎಚ್ಚರ ಆಗುತ್ತಾನೆ, ಸುಮ್ಮನೆ ಯಾಕೆ ಎಂದುಕೊಂಡೆ.

ಅರ್ಧ ಗಂಟೆಗೆ ಗೌಡರು ಜಯಮ್ಮನ ಜೊತೆ ಬಂದರು. ಗ್ಲೂಕೋಸು ಬಾಟಲಿ ನೋಡಿದವರೇ ಯಾಕೆ ಇದು ಎಂದು ನರ್ಸನ್ನು ಕೇಳಿದರು. ಆಕೆ ಹೇಳಿದ್ದು ಕೇಳಿ ನನ್ನ ಕಡೆ ಒಂದು ಸಲ ತಿರುಗಿ ನೋಡಿದರು. ಆಮೇಲೆ ನೇರವಾಗಿ ಡಾಕ್ಟರಮ್ಮನ ಹತ್ತಿರ ಹೋಗಿ ಹೇಳಿದರು:

“ಅವ್ವ, ಅವ್ನು ಮುಚ್ಚಿದ್ ಸೆಡ್ಡಲ್ಲಿ ಇಂಜಿನ್ ಒಗೆ ಕುಡ್ದವ್ನೆ. ನಾನೇ ಕೀ ತಿರುಗ್ಸಿ ಬಂದಿವ್ನಿ.”

ಡಾಕ್ಟರಮ್ಮ ಓಡಿದರು. ಆಕ್ಸಿಜನ್ ಹಾಕಿಸಿ, ಆಂಬುಲೆನ್ಸಿನಲ್ಲಿ ಮೈಸೂರಿಗೆ ಕಳಿಸಿದರು. ಹೊರಡುವಾಗ ನನ್ನ ಮುಂದೆ ನಿಂತರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಎಷ್ಟು ಹೊತ್ತು ಇಂಜಿನ್ನು ಓಡಿತ್ತು ಎಂದು ಮಾತ್ರ ಕೇಳಿ, ಚೀಟಿಯಲ್ಲಿ ಬರೆದುಕೊಟ್ಟರು.

ಹೊಸಬರು ಇದೊಂದು ಓದಿದರೂ ಸಾಕು. ಯಾರಾದರೂ ಹೀಗೆ ಬಿದ್ದರೆ ಮೊದಲು ಬಾಗಿಲು ಪೂರ್ತಿ ತೆಗೆಯಿರಿ. ಉಸಿರು ಬಿಗಿಹಿಡಿದು ಹೋಗಿ ಇಂಜಿನ್ನು ಆರಿಸಿ, ಅವರನ್ನು ಬಯಲಿಗೆ ಎಳೆದು ತನ್ನಿ. ನೀವೂ ಒಳಗೆ ನಿಂತು ಉಪಚಾರ ಮಾಡಲು ಹೋಗಬೇಡಿ, ಎರಡನೆಯವರಾಗಿ ಬೀಳುತ್ತೀರಿ. ಆಂಬುಲೆನ್ಸಿಗೆ ಫೋನ್ ಮಾಡಿ. ಡಾಕ್ಟರ ಹತ್ತಿರ ಬಾಯಿ ಬಿಟ್ಟಾಗ ಮೊದಲ ಮಾತೇ ‘ಇಂಜಿನ್ ಹೊಗೆ’ ಎಂದಿರಲಿ. ಮರ್ಯಾದೆ, ಗಿರಾಕಿ, ಕೇಸು, ಎಲ್ಲ ಆಮೇಲೆ. ಎದ್ದು ಕೂತು ಚೆನ್ನಾಗಿದ್ದೇನೆ ಎಂದರೂ ಆಸ್ಪತ್ರೆಗೆ ಹೋಗಲೇಬೇಕು.

ಗೌಡರು ಮಾತಿಗೆ ತಪ್ಪಲಿಲ್ಲ. ವಾರ ಬಿಟ್ಟು ಬಂದರು. ನಾನು ಆ ಬೆರಳನ್ನು ಬಿಟ್ಟುಕೊಡುತ್ತೇನೆ ಎಂದೆ, ಅವರು ಕೇಳಲಿಲ್ಲ. ಹೊಸ ಕೊಳವೆ ಹಾಕಿಸಿ, ಎದುರಿಗೇ ನಿಂತು ನೋಡಿಕೊಂಡರು. ಗಾಡಿ ಹತ್ತುವ ಮುಂಚೆ ಹೇಳಿದರು:

“ಆವತ್ತು ಬಕೆಟ್ಟಲ್ಲಿ ನೆನ್ಸಿಟ್ಟಿದ್ದ ಚೀಲ ನೋಡ್ದೆ ಚಿಕ್ಕಣ್ಣ. ನಾನೂ ದನ ಮಾರಿರೋನೆ. ಚಳೀಲಿ ಕೆಮ್ತದೆ ಅಂತ ನೀನು ಮೊದ್ಲೇ ಏಳಿದ್ರೂ ಇದೇ ರೇಟಿಗೇ ತಗತಿದ್ದೆ. ಇಷ್ಟು ವಯಸ್ಸಾದ ಕಾರು ಕೆಮ್ದೆ ಇನ್ನೇನ್ ಮಾಡ್ತದೆ?”

ಅದಾದ ಮೇಲೆ ಎಷ್ಟೋ ಗಾಡಿ ಮಾರಿದ್ದೇನೆ. ಗಿರಾಕಿ ಬಂದ ಕೂಡಲೇ, ಮುಟ್ಟಿ ನೋಡಿ, ತಣ್ಣಗಿದೆ, ಈಗ ಕೆಮ್ಮುತ್ತದೆ ಕೇಳಿಸಿಕೊಳ್ಳಿ ಎಂದು ಹೇಳಿಯೇ ಮಾರಿದ್ದೇನೆ. ಒಂದು ಗಾಡಿಯೂ ಅದರಿಂದ ನಿಂತಿಲ್ಲ. ಈ ಲೆಕ್ಕ ನನಗೆ ಮೊದಲೇ ಯಾಕೆ ಹೊಳೆಯಲಿಲ್ಲವೋ.

ನಿಂಗರಾಜ ಕೆಲವೇ ದಿನಕ್ಕೆ ನಡೆದುಕೊಂಡೇ ಮನೆಗೆ ಬಂದ. ಗೆದ್ದೆವು ಅಂದುಕೊಂಡೆವು. ಮೂರು ವಾರದ ಮೇಲೆ ಶುರುವಾಯಿತು. ಕಾರ್ಬುರೇಟರು ಬಿಚ್ಚಿದವನಿಗೆ ಮತ್ತೆ ಜೋಡಿಸುವ ಸಾಲು ನೆನಪಾಗಲಿಲ್ಲ. ಹದಿನಾಲ್ಕರ ಸ್ಪ್ಯಾನರು ಕೊಡು ಎಂದರೆ ಕೈಯಲ್ಲಿ ಅದನ್ನೇ ಹಿಡಿದುಕೊಂಡು ಹುಡುಕಿದ. ಕೈ ಸಣ್ಣಗೆ ನಡುಗುತ್ತಿತ್ತು. ಹೊಗೆ ಹೋದ ಮೇಲೂ ಹೀಗೆ ತಡವಾಗಿ ಮಿದುಳಿಗೆ ಪೆಟ್ಟು ಕಾಣಿಸಿಕೊಳ್ಳುವುದುಂಟು ಎಂದು ಮೈಸೂರಿನ ಡಾಕ್ಟರು ಹೇಳಿದರು. ಕೆಲವರಿಗೆ ಸರಿಹೋಗುತ್ತದೆ, ಕೆಲವರಿಗೆ ಅಷ್ಟಕ್ಕೇ ನಿಲ್ಲುತ್ತದೆ. ಆ ಅರ್ಧ ಗಂಟೆ ಮುಂಚೆ ಆಕ್ಸಿಜನ್ ಸಿಕ್ಕಿದ್ದರೆ ಎಂದು ನಾನು ಅವರನ್ನು ಕೇಳಿದೆ. ಅದನ್ನು ಯಾರೂ ಹೇಳಲಾರರು ಎಂದರು. ಇವತ್ತಿಗೂ ಯಾರೂ ಹೇಳಿಲ್ಲ. ಹೆಣ್ಣು ನೋಡುವುದು ನಿಂತಿತು.

ನಿಂಗರಾಜನಿಗೆ ಇಷ್ಟೇ ಎಂದು ಡಾಕ್ಟರು ಹೇಳಿದ ಮಾರನೆಯ ದಿನ ನಾನು ಶೆಡ್ಡಿಗೆ ಹೋದರೆ ಇಬ್ಬರು ಆಳುಗಳು ಬಾಗಿಲು ಕೀಳುತ್ತಿದ್ದರು. ಜಯಮ್ಮ ಪಕ್ಕದಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಏನಿದು ಎಂದೆ.

“ಬಾಗ್ಲು ಇದ್ರೆ ತಾನೆ ನೀನು ಮುಚ್ಚಾದು” ಎಂದಳು.

ಆ ತಗಡುಗಳನ್ನು ಹಸುವಿನ ಕೊಟ್ಟಿಗೆಗೆ ಹೊದಿಸಿದಳು. ಅದು ಮನೆಗೆ ಅಂಟಿಕೊಂಡೇ ಇದೆ. ಮಳೆ ಬಂದರೆ ತಗಡು ಸದ್ದಾಗುತ್ತದೆ. ಆಗೆಲ್ಲ ನಿಂಗರಾಜ ಕೂತಲ್ಲಿಂದ ಎದ್ದು ನಿಲ್ಲುತ್ತಾನೆ.

“ತಗಡು ತಟ್ಟಿದ್ಯಾ ಬಾವ?”

“ತಟ್ದೆ ಕಣ್ಲಾ. ನಿಲ್ಸು” ಎನ್ನುತ್ತೇನೆ. ಅವನು ಗಾಳಿಯಲ್ಲಿ ಕೀ ತಿರುಗಿಸಿ ಕೂರುತ್ತಾನೆ. ಆ ದಿನದ ಬೇರೆ ಯಾವ ನೆನಪೂ ಅವನಿಗಿಲ್ಲ. ಇದೊಂದು ಮಾತ್ರ ಉಳಿದುಕೊಂಡಿದೆ, ನಾನು ಹೇಳಿದ್ದನ್ನು ಮಾಡುವುದು.

ಲೋಕೇಶ್ ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಕಳೆದ ವರ್ಷ ಅವರು ಒಂದು ಹಳೇ ಕಾರು ಕೊಂಡು, ನೋಡಲು ಕರೆದರು. ನಿಂಗರಾಜನನ್ನೂ ಜೊತೆಗೆ ಕರೆದುಕೊಂಡು ಮಂಡ್ಯಕ್ಕೆ ಹೋದೆ. ಗಾಡಿ ಎಂದರೆ ಅವನಿಗೆ ಈಗಲೂ ಖುಷಿ, ಸವರಿ ನೋಡುತ್ತಾನೆ. ಮೇಷ್ಟ್ರು ಮನೆಯ ಕೆಳಗೆ ಕಾರಿಗೆಂದೇ ಒಂದು ರೂಮು ಕಟ್ಟಿಸಿದ್ದರು, ಮುಂದೆ ರೋಲಿಂಗ್ ಷಟರು. ಧೂಳು ಬರಬಾರದೆಂದು ಅದನ್ನು ಮೊಣಕಾಲೆತ್ತರಕ್ಕೆ ಇಳಿಸಿಯೇ ಇಟ್ಟಿದ್ದರು, ಬಗ್ಗಿ ನುಸುಳಿ ಒಳಗೆ ಹೋದೆವು. ದಿನಾ ಬೆಳಗ್ಗೆ ಹತ್ತು ನಿಮಿಷ ಹಾಗೇ ಒಳಗೇ ಸ್ಟಾರ್ಟ್ ಮಾಡಿಡುತ್ತಾರಂತೆ, ಬ್ಯಾಟರಿಗೆ ಒಳ್ಳೆಯದಂತೆ. ಕೆಳಗೆ ಸಂದಿದೆಯಲ್ಲ, ಫ್ಯಾನೂ ಹಾಕಿದ್ದೀನಲ್ಲ ಎಂದರು. ಸಂದಿನಿಂದ, ಫ್ಯಾನಿನಿಂದ ಏನೂ ಉಪಯೋಗವಿಲ್ಲ. ಫ್ಯಾನು ಅದೇ ಗಾಳಿಯನ್ನು ತಿರುವಿ ತಿರುವಿ ಕುಡಿಸುತ್ತದೆ. ಆ ರೂಮಿನ ಮೇಲೆಯೇ ಅವರ ತಾಯಿ ಮಲಗುವ ಕೋಣೆ.

ಗೋಡೆಯಲ್ಲಿ ಒಂದು ಮೊಳೆ ಖಾಲಿ ಇತ್ತು. ಏನಿತ್ತು ಅಲ್ಲಿ ಎಂದು ಕೇಳಿದೆ. ಮೂಕ ಹೊಗೆ ಕಂಡರೆ ಕೂಗುವ ಯಂತ್ರ ಒಂದನ್ನು ತರಿಸಿದ್ದರಂತೆ. ಕಾರು ಸ್ಟಾರ್ಟ್ ಮಾಡಿದಾಗೆಲ್ಲ ಅದು ಕಿರುಚುತ್ತಿತ್ತಂತೆ.

“ಪೀಸೇ ಸರಿಯಿಲ್ಲ ಅಂತ ಸೆಲ್ ತೆಗೆದು ಬೀರು ಮೇಲೆ ಇಟ್ಟಿದ್ದೀನಿ” ಎಂದರು ಮೇಷ್ಟ್ರು. ಅದು ಸರಿಯಿದ್ದದ್ದಕ್ಕೇ ಕಿರುಚಿತ್ತು. ಓದಿದವರು ಮಾಡುವ ತಪ್ಪು ಹೀಗಿರುತ್ತದೆ. ನಾನು ಬಾಯಿ ತೆರೆಯುವಷ್ಟರಲ್ಲಿ, ಸೌಂಡು ಕೇಳಿ ಹೇಗಿದೆ ಎಂದು ಕೀ ತಿರುಗಿಸಿಬಿಟ್ಟರು. ಇಂಜಿನ್ನು ಹತ್ತಿತು.

ಮಡ್‌ಗಾರ್ಡಿನ ಪಕ್ಕದಲ್ಲಿದ್ದ ನಿಂಗರಾಜ ನೆಟ್ಟಗೆ ನಿಂತ. ನನ್ನ ಕಡೆ ನೋಡಿದ.

“ತಗಡು ತಟ್ಟಿದ್ಯಾ ಬಾವ?”

ನಾನು ಷಟರಿಗೆ ಮುಷ್ಟಿಯಲ್ಲಿ ಗುದ್ದಿದೆ, ಬೀದಿಗೆಲ್ಲ ಕೇಳುವ ಹಾಗೆ. “ತಟ್ದೆ ಕಣ್ಲಾ, ನಿಲ್ಸು.”

ಅವನು ಕಿಟಕಿಯಿಂದ ಕೈ ಹಾಕಿ, ಮೇಷ್ಟ್ರ ಕೈಯನ್ನು ಪಕ್ಕಕ್ಕೆ ಸರಿಸಿ, ನಿಜವಾದ ಕೀ ತಿರುಗಿಸಿದ. ಆಮೇಲೆ ಷಟರನ್ನು ಪೂರ್ತಿ ಮೇಲಕ್ಕೆ ದಬ್ಬಿದೆವು. ಮೇಷ್ಟ್ರಿಗೆ ಏನೂ ಅರ್ಥವಾಗಲಿಲ್ಲ. ಹೊರಗೆ ಜಗಲಿಯ ಮೇಲೆ ಕೂತು, ಕಾಫಿ ಬಂದ ಮೇಲೆ, ಮೊದಲಿಂದ ಹೇಳಿದೆ. ಟವೆಲ್ಲು, ಇನ್ನೊಂದು ಟೀ, ಡಾ‌ಕ್ಟರಮ್ಮನಿಗೆ ಕೊಟ್ಟ ಉತ್ತರ, ಒಂದನ್ನೂ ಬಿಡಲಿಲ್ಲ. ಹೆಸರು ಮಾತ್ರ ಹೇಳಲಿಲ್ಲ, ‘ನಮ್ಮ ಜೊತೆ ಇದ್ದವನೊಬ್ಬ’ ಎಂದೆ. ಅಷ್ಟೂ ಕಥೆ ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮೇಷ್ಟ್ರು ಎದ್ದು ಒಳಗೆ ಹೋದರು. ಬೀರುವಿನ ಮೇಲಿಂದ ಯಂತ್ರ ತಂದು, ಸೆಲ್ ಹಾಕಿ, ಮೊಳೆಗೆ ತೂಗುಹಾಕಿದರು. ಇನ್ನೊಂದನ್ನು ತಾಯಿಯ ಕೋಣೆಗೆ ತರಿಸುತ್ತೇನೆ, ಗಾಡಿಯನ್ನು ಇನ್ನು ಬೀದಿಗೆ ತಳ್ಳಿಯೇ ಸ್ಟಾರ್ಟ್ ಮಾಡುತ್ತೇನೆ ಎಂದರು. ಇದನ್ನು ಹುಡುಗರಿಗೆ ಬರೆದುಕೊಡಿ ಎಂದು ಹಟ ಹಿಡಿದದ್ದು ಆವಾಗಲೇ.

ನಿಂಗರಾಜ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಯಾರದೋ ಊರಿನ ಸುದ್ದಿ ಕೇಳುವ ಹಾಗೆ ಎಲ್ಲವನ್ನೂ ಕೇಳಿಸಿಕೊಂಡಿದ್ದ.

“ಆಮೇಲೆ ಆವಯ್ಯ ಉಳ್ಕಂಡ್ನಾ ಬಾವ?”

“ಉಳ್ಕಂಡ.”

“ಅವ್ನಿಗೆ ಯಾರೂ ತಗಡು ತಟ್ಲಿಲ್ವಾ?”

“ತಟ್ಟುದ್ರು. ತಡ ಮಾಡಿ ತಟ್ಟುದ್ರು.”

ಅವನು ಕಾಫಿ ಮುಗಿಸಿ, ಲೋಟವನ್ನು ಜಾಗ್ರತೆಯಿಂದ ಕೆಳಗಿಟ್ಟ.

“ಅಂಥೋರತ್ರ ಕೆಲ್ಸಕ್ಕೆ ಇರ್ಬಾರ್ದು ಬಾವ” ಎಂದ.

ಹೌದು ಎಂದೆ.